ಇಂಗ್ಲೆಂಡಿನ ಹಳ್ಳಿ ನೋಡಲು ಲ್ಯಾಕ್ಸ್‌ಟನ್ನಿಗೇ ಏಕೆ ಹೋಗಬೇಕು?

ನಾಟಿಂಗ್‌ಹ್ಯಾಮ್‌ನಲ್ಲಿ ನೆಲೆಸಿರುವ ನನ್ನನ್ನು ಊರಿನಿಂದ ಬರುವ ನೆಂಟರೂ ಸ್ನೇಹಿತರೂ ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: "ಲಂಡನ್ ನೋಡಿದ್ದಾಯಿತು, ಇನ್ನು ಇಂಗ್ಲೆಂಡಿನ ನಿಜವಾದ ಒಂದು ಹಳ್ಳಿಯನ್ನು ನೋಡಬೇಕು, ಎಲ್ಲಿಗೆ ಹೋಗೋಣ?" ಕೇಳುವವರ ಮನಸ್ಸಿನಲ್ಲಿ ಆಗಲೇ ಒಂದು ಚಿತ್ರವಿರುತ್ತದೆ. ಕಾಟ್ಸ್‌ವೋಲ್ಡ್ಸ್ ಪ್ರದೇಶದ ಜೇನುಬಣ್ಣದ ಕಲ್ಲಿನ ಮನೆಗಳು, ಬಾಗಿಲ ಮೇಲೆ ಹಬ್ಬಿದ ಗುಲಾಬಿ ಬಳ್ಳಿ, ಊರ ನಡುವೆ ಹರಿಯುವ ತಿಳಿನೀರಿನ ತೊರೆ. ನಾನು ಹೇಳುವ ಹೆಸರು ಮಾತ್ರ ಲ್ಯಾಕ್ಸ್‌ಟನ್. ಅದರ ಚಿತ್ರಗಳನ್ನು ಫೋನಿನಲ್ಲಿ ಹುಡುಕಿ ನೋಡಿದ ಕೂಡಲೇ "ಇಲ್ಲಿ ಬರೀ ಹೊಲಗಳಿವೆಯಲ್ಲ, ನೋಡುವುದೇನಿದೆ?" ಎಂಬ ಎರಡನೆಯ ಪ್ರಶ್ನೆ ಬರುತ್ತದೆ. ಆ ಹೊಲಗಳನ್ನೇ ನೋಡಬೇಕು ಎಂಬುದು ನನ್ನ ಉತ್ತರ. ಏಕೆಂಬುದನ್ನು ನಿಂತ ನಿಲುವಿನಲ್ಲಿ ಹೇಳಿ ಮುಗಿಸಲಾಗದೆ ಪ್ರತಿ ಸಲವೂ ಅರ್ಧಕ್ಕೆ ಬಿಟ್ಟಿದ್ದೇನೆ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಲ್ಯಾಕ್ಸ್‌ಟನ್ ಇರುವುದು ನಾಟಿಂಗ್‌ಹ್ಯಾಮ್‌ಶೈರ್ ಜಿಲ್ಲೆಯಲ್ಲಿ, ಆಲರ್ಟನ್, ಟಕ್ಸ್‌ಫರ್ಡ್ ಮತ್ತು ನ್ಯೂಆರ್ಕ್ ಎಂಬ ಮೂರು ಪೇಟೆಗಳ ನಡುವೆ. ಪಶ್ಚಿಮಕ್ಕೆ ಶೆರ್‌ವುಡ್ ಅರಣ್ಯದ ಮರಳುಮಣ್ಣಿನ ಸೀಮೆ, ಪೂರ್ವಕ್ಕೆ ಟ್ರೆಂಟ್ ನದಿಯ ಬಯಲು. ಇವೆರಡರ ನಡುವಿನ ಏರಿಳಿತದ ನೆಲ ಕೆಂಪು ಜೇಡಿಮಣ್ಣಿನದು. ಮಳೆ ಬಿದ್ದರೆ ನೀರು ಬೇಗ ಇಂಗುವುದಿಲ್ಲ, ಕಾಲಿಟ್ಟರೆ ಬೂಟಿಗೆ ಮೆತ್ತಿಕೊಂಡ ಮಣ್ಣು ಬಿಡುವುದಿಲ್ಲ. ಊರಿನ ಮನೆಗಳೂ ಕಣಜಗಳೂ ಬಹುಪಾಲು ಕೆಂಪು ಇಟ್ಟಿಗೆಯವು, ಮೇಲೆ ಕೆಂಪು ಹೆಂಚು. ನಮ್ಮ ಕರಾವಳಿಯ ಕಡೆಯವರಿಗೆ ಆ ಸೂರುಗಳ ಬಣ್ಣ ತಟ್ಟನೆ ಪರಿಚಿತವೆನಿಸುತ್ತದೆ. ಹಲವು ಮನೆಗಳು ಬೀದಿಗೆ ಮುಖ ಮಾಡದೆ ಪಕ್ಕೆಯ ಗೋಡೆಯನ್ನು ಕೊಟ್ಟು ನಿಂತಿವೆ, ಅವುಗಳ ಬೆನ್ನಿಗೆ ಅಂಗಳ, ಕೊಟ್ಟಿಗೆ, ಹಿತ್ತಿಲು ಉದ್ದಕ್ಕೆ ಚಾಚಿಕೊಂಡಿವೆ. ಊರ ಉತ್ತರಕ್ಕೆ ನಾರ್ಮನ್ನರ ಕಾಲದ ಕೋಟೆಯ ಮಣ್ಣಿನ ದಿಬ್ಬವಿದೆ, ನಡುವೆ ಸಂತ ಮೈಕೇಲನ ಹಳೆಯ ಚರ್ಚು. ಎರಡನ್ನೂ ಒಂದು ಗಂಟೆಯಲ್ಲಿ ನೋಡಿ ಮುಗಿಸಬಹುದು.

ಇಂಗ್ಲೆಂಡಿನ ಬೇರೆ ಕಡೆಗಳಲ್ಲಿ ರೈತರ ಮನೆಗಳು ಅವರವರ ಹೊಲಗಳ ನಡುವೆ ಒಂಟಿಯಾಗಿ ನಿಂತಿರುವುದು ಸಾಮಾನ್ಯ. ಇಲ್ಲಿ ಅವು ನಮ್ಮ ಬಯಲುಸೀಮೆಯ ಊರುಗಳಂತೆ ಬೀದಿಯ ಎರಡೂ ಬದಿಗೆ ಒತ್ತಾಗಿ ಕೂಡಿಕೊಂಡಿವೆ. ಅದಕ್ಕೆ ಕಾರಣ ಊರು ದಾಟಿದ ಮೇಲೆ ತಿಳಿಯುತ್ತದೆ. ವಿಮಾನ ಇಳಿಯುವಾಗ ಕಿಟಕಿಯಿಂದ ಕಾಣುವ ಹಸಿರು ಚೌಕಗಳನ್ನು, ಅವುಗಳ ಸುತ್ತ ಓಡುವ ಪೊದೆಬೇಲಿಗಳನ್ನು ನಾವೆಲ್ಲ ಇಂಗ್ಲೆಂಡಿನ ಅನಾದಿ ರೂಪವೆಂದು ತಿಳಿಯುತ್ತೇವೆ. ಆದರೆ ದೇಶದ ನಡುಭಾಗದಲ್ಲಿ ಆ ಬೇಲಿಗಳಲ್ಲಿ ಬಹಳಷ್ಟು 18 ಮತ್ತು 19ನೆಯ ಶತಮಾನಗಳಲ್ಲಿ ಎದ್ದವು. ಅದಕ್ಕೂ ಮೊದಲು ಸಾವಿರಾರು ಹಳ್ಳಿಗಳಲ್ಲಿ ಉಳುಮೆಯ ನೆಲವೆಲ್ಲ ಬೇಲಿಯಿಲ್ಲದ ಎರಡು ಮೂರು ಮಹಾ ಬಯಲುಗಳಾಗಿತ್ತು, ಪ್ರತಿಯೊಂದು ಬಯಲಿನಲ್ಲೂ ಪ್ರತಿಯೊಬ್ಬ ರೈತನಿಗೆ ನೆಲದ ಉದ್ದನೆಯ ಕಿರುಪಟ್ಟಿಗಳು ಚದುರಿಕೊಂಡಿದ್ದವು. 1604ರಿಂದ 1914ರವರೆಗೆ ಬ್ರಿಟನ್ನಿನ ಸಂಸತ್ತು ಐದು ಸಾವಿರಕ್ಕೂ ಹೆಚ್ಚು ಕಾಯಿದೆಗಳನ್ನು ಮಾಡಿ, ಸುಮಾರು 68 ಲಕ್ಷ ಎಕರೆ ನೆಲವನ್ನು, ಎಂದರೆ ಇಂಗ್ಲೆಂಡಿನ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚನ್ನು, ಒಟ್ಟುಗೂಡಿಸಿ ಬೇಲಿಯೊಳಗೆ ಸೇರಿಸಿತು. ಇಳುವರಿ ಹೆಚ್ಚಿತೆಂಬ ಮಾತಿದೆ. ಊರ ಗೋಮಾಳದಲ್ಲಿ ಒಂದು ಹಸು ಮೇಯಿಸಿಕೊಂಡು ಬದುಕುತ್ತಿದ್ದ ಬಡವರು ಆ ಹಕ್ಕನ್ನು ಕಳೆದುಕೊಂಡರೆಂಬುದೂ ಅಷ್ಟೇ ನಿಜ, ನನ್ನ ಮಟ್ಟಿಗೆ ಈ ಎರಡನೆಯ ಸಂಗತಿಯೇ ಹೆಚ್ಚು ಭಾರದ್ದು. ಲ್ಯಾಕ್ಸ್‌ಟನ್ನಿನಲ್ಲಿ ಮಾತ್ರ ವೆಸ್ಟ್ ಫೀಲ್ಡ್, ಸೌತ್ ಫೀಲ್ಡ್, ಮಿಲ್ ಫೀಲ್ಡ್ ಎಂಬ ಮೂರು ಬಯಲುಗಳು, ಗಾತ್ರದಲ್ಲಿ ಕುಗ್ಗಿದ್ದರೂ, ಇಂದಿಗೂ ಬೇಲಿಯಿಲ್ಲದೆ ಉಳಿದಿವೆ. ಅಲ್ಲಿ ಇಂದಿಗೂ ಹಳೆಯ ಕಟ್ಟಳೆಯಂತೆಯೇ ಬೇಸಾಯ ನಡೆಯುತ್ತದೆ.

ಆ ಕಟ್ಟಳೆ ಹೀಗಿದೆ. ಒಂದು ವರ್ಷ ಒಂದು ಬಯಲಿಗೆ ಶರತ್ಕಾಲದಲ್ಲಿ ಗೋಧಿ ಬಿತ್ತುತ್ತಾರೆ, ಎರಡನೆಯ ಬಯಲಿಗೆ ವಸಂತದಲ್ಲಿ ಬಾರ್ಲಿಯಂಥ ಬೆಳೆ, ಮೂರನೆಯದನ್ನು ಬೀಳು ಬಿಡುತ್ತಾರೆ, ಈಚಿನ ಕಾಲದಲ್ಲಿ ಅದರಲ್ಲಿ ಮೇವು ಬೆಳೆಯುವುದೂ ಉಂಟು. ಮರುವರ್ಷ ಈ ಸರದಿ ಒಂದು ಬಯಲಿನಷ್ಟು ಮುಂದೆ ಸರಿಯುತ್ತದೆ. ಒಬ್ಬ ರೈತನ ಪಟ್ಟಿಗಳೆಲ್ಲ ಒಂದೇ ಬಯಲಿನಲ್ಲಿದ್ದರೆ ಆ ಬಯಲು ಬೀಳು ಬಿದ್ದ ವರ್ಷ ಅವನ ಮನೆಗೆ ಕಾಳಿಲ್ಲ, ಆದ್ದರಿಂದ ಎಲ್ಲರಿಗೂ ಎಲ್ಲ ಬಯಲುಗಳಲ್ಲೂ ಪಾಲು. ಒಂದೇ ಬಯಲಿನೊಳಗೂ ದಿಬ್ಬದ ನೆಲವೇ ಬೇರೆ, ನೀರು ನಿಲ್ಲುವ ತಗ್ಗಿನ ನೆಲವೇ ಬೇರೆ, ಒಳ್ಳೆಯದೂ ಕೆಟ್ಟದ್ದೂ ಎಲ್ಲರಿಗೂ ಹಂಚಿಕೆಯಾಗಲೆಂದು ಪಟ್ಟಿಗಳು ಅಲ್ಲೊಂದು ಇಲ್ಲೊಂದು ಚದುರಿಕೊಂಡವು. ನಮ್ಮಲ್ಲಿ ಅಣ್ಣತಮ್ಮಂದಿರು ಪಾಲಾದಾಗ "ಕೆರೆಯ ಕೆಳಗಿನದರಲ್ಲೂ ಅರ್ಧ, ಮೇಲಿನ ಬೆದ್ದಲಿನಲ್ಲೂ ಅರ್ಧ" ಎಂದು ಹಟ ಹಿಡಿಯುತ್ತಾರಲ್ಲ, ಅದರ ಹಿಂದಿರುವ ನ್ಯಾಯವೇ ಇಲ್ಲೂ ಇದೆ. ಹೊಲಗಳು ಊರ ಸುತ್ತ ಎಲ್ಲ ದಿಕ್ಕಿಗೂ ಹರಡಿಕೊಂಡಿರುವಾಗ ರೈತ ಮನೆ ಕಟ್ಟಿಕೊಳ್ಳಲು ತಕ್ಕ ಜಾಗ ಊರ ನಡುವೆಯೇ.

ಈ ಹೊಲಗಳ ಅಂಚಿನಲ್ಲಿ ನಿಂತಾಗ ನಾವು ದಿನವೂ ಆಡುವ ಎರಡು ಮಾತುಗಳ ಹುಟ್ಟು ಕಣ್ಣೆದುರಿಗೆ ಬರುತ್ತದೆ. ಪಟ್ಟಿಗಳ ಒಂದೊಂದು ಗುಂಪಿಗೆ ಇಲ್ಲಿನವರು ಫರ್ಲಾಂಗು ಎನ್ನುತ್ತಾರೆ. ನಮ್ಮ ಅಜ್ಜಂದಿರು "ಬಸ್ ನಿಲ್ದಾಣದಿಂದ ಎರಡು ಫರ್ಲಾಂಗು" ಎನ್ನುತ್ತಿದ್ದರಲ್ಲ, ಅದೇ ಮಾತು. ನೇಗಿಲ ಸಾಲಿನ ಉದ್ದ ಎಂಬುದು ಅದರ ಮೂಲ ಅರ್ಥ, ಎತ್ತುಗಳು ದಣಿವಾರಿಸಿಕೊಳ್ಳದೆ ಒಂದೇ ಬೀಸಿಗೆ ಎಳೆಯಬಲ್ಲಷ್ಟು ದೂರವೆಂದು ಹೇಳುತ್ತಾರೆ. ಒಂದು ಫರ್ಲಾಂಗು ಉದ್ದ, ಒಂದು ಸರಪಳಿ ಅಗಲ, ಎಂದರೆ 220 ಗಜಕ್ಕೆ 22 ಗಜ, ಇದ್ದರೆ ಅದೇ ಒಂದು ಎಕರೆ. ಒಂದು ಹೂಡಿನ ಎತ್ತುಗಳು ಒಂದು ದಿನಕ್ಕೆ ಉಳಬಲ್ಲಷ್ಟು ನೆಲವೆಂಬ ಲೆಕ್ಕದಿಂದ ಆ ಅಳತೆ ಬಂತು. ಪಹಣಿಯಲ್ಲಿ ಎಕರೆ ಗುಂಟೆಗಳ ಲೆಕ್ಕ ನೋಡುತ್ತಲೇ ಬೆಳೆದ ನನಗೆ, ಆ ಎಕರೆ ಯಾವ ಮಣ್ಣಿನಲ್ಲಿ ಯಾರ ಬೆವರಿನಿಂದ ಅಳೆಯಲ್ಪಟ್ಟಿತೆಂದು ತಿಳಿದದ್ದು ಇಲ್ಲಿಯೇ.

ಕನ್ನಡ ನಾಡಿಗೂ ಈ ಹಳ್ಳಿಗೂ ಇನ್ನೊಂದು ನಂಟಿದೆ, ಅದನ್ನು ಅರಿತ ದಿನ ನನಗಾದ ಅಚ್ಚರಿ ಅಷ್ಟಿಷ್ಟಲ್ಲ. ಲ್ಯಾಕ್ಸ್‌ಟನ್ನಿನ ಚರಿತ್ರೆಗೆ ಮುಖ್ಯ ಆಧಾರ 1635ರಲ್ಲಿ ಮಾರ್ಕ್ ಪಿಯರ್ಸ್ ಎಂಬ ಮೋಜಣಿಗಾರ ಬರೆದ ಒಂದು ದೊಡ್ಡ ನಕ್ಷೆ. ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿರುವ ಆ ನಕ್ಷೆಯಲ್ಲಿ ಪ್ರತಿಯೊಂದು ಪಟ್ಟಿಯೂ ಗುರುತಾಗಿದೆ, ಜೊತೆಗೆ ಉಳುವವರು, ಕೊಯ್ಯುವವರು, ಮೇಯುವ ದನಗಳು ಪುಟ್ಟ ಪುಟ್ಟ ಚಿತ್ರಗಳಾಗಿ ತುಂಬಿಕೊಂಡಿವೆ. ನಕ್ಷೆಯನ್ನು ಮಾಡಿಸಿದವನು ಆಗ ಊರಿನ ಒಡೆಯನಾಗಿದ್ದ ಲಂಡನ್ನಿನ ದೊಡ್ಡ ವರ್ತಕ ಸರ್ ವಿಲಿಯಂ ಕೋರ್ಟೀನ್. ಅದೇ 1635ರ ಕೊನೆಯಲ್ಲಿ ರಾಜ ಒಂದನೆಯ ಚಾರ್ಲ್ಸ್ ಈಸ್ಟ್ ಇಂಡಿಯಾ ಕಂಪನಿಗೆ ಪ್ರತಿಸ್ಪರ್ಧಿಯಾಗಿ ಪೂರ್ವದೇಶಗಳಲ್ಲಿ ವ್ಯಾಪಾರ ಮಾಡಲು ಕೋರ್ಟೀನನ ಕೂಟಕ್ಕೆ ಅಪ್ಪಣೆ ಕೊಟ್ಟ. ಸರ್ ವಿಲಿಯಂ ಮರುವರ್ಷವೇ ತೀರಿಕೊಂಡರೂ ಕೂಟದ ಹಡಗುಗಳು ನಮ್ಮ ಕರಾವಳಿಯನ್ನು ಮುಟ್ಟಿದವು, ಕರಿಮೆಣಸಿನ ಆಸೆಯಿಂದ 1638ರ ಹೊತ್ತಿಗೆ ಕಾರವಾರದಲ್ಲಿ ಅವರ ವ್ಯಾಪಾರದ ಕೋಠಿ ಎದ್ದಿತು. ನಾಟಿಂಗ್‌ಹ್ಯಾಮ್‌ಶೈರಿನ ಗೋಧಿ ಪಟ್ಟಿಗಳನ್ನು ಗುಂಟೆ ಗುಂಟೆಯಾಗಿ ಅಳೆಸಿದ ಹಣದ ಚೀಲವೇ ಕಾಳಿ ನದಿಯ ದಡದ ಮೆಣಸಿಗೂ ಕೈಚಾಚಿತ್ತು. ಕಾರವಾರದವರು ಯಾರಾದರೂ ಇಲ್ಲಿಗೆ ಬಂದರೆ ಈ ಸಂಗತಿಯನ್ನು ಮೊದಲು ಹೇಳುತ್ತೇನೆ.

ಸುತ್ತಲ ಊರುಗಳೆಲ್ಲ ಬೇಲಿಯೊಳಗೆ ಹೋದರೂ ಲ್ಯಾಕ್ಸ್‌ಟನ್ ಉಳಿದದ್ದು ಹೇಗೆ? ಯಾರೋ ಮುಂದಾಲೋಚನೆಯಿಂದ ಉಳಿಸಿದರೆಂದು ಹೇಳಿದರೆ ಸುಳ್ಳಾಗುತ್ತದೆ. ಇಲ್ಲಿನ ನೆಲ ಬಹುಕಾಲ ಅರ್ಲ್ ಮ್ಯಾನ್ವರ್ಸ್ ಮತ್ತು ಅರ್ಲ್ ಸ್ಕಾರ್‌ಬರೊ ಎಂಬ ಇಬ್ಬರು ಜಮೀನುದಾರರ ನಡುವೆ ಹರಿದು ಹಂಚಿತ್ತು, ಬೇಲಿ ಕಟ್ಟುವ ಕೆಲಸ ಅಲ್ಲಲ್ಲಿ ನಡೆದರೂ ಪೂರ್ತಿಯಾಗಿ ಮುಗಿಸಲು ಅವರಿಬ್ಬರೂ ಒಮ್ಮತಕ್ಕೆ ಬರಲಿಲ್ಲ. ಒಡೆತನ ಒಂದುಗೂಡಿದ ಮೇಲೆ ಕೃಷಿಗೆ ಕೆಟ್ಟ ಕಾಲ ಬಂದು ಅಷ್ಟು ಹಣ ಸುರಿಯುವ ಉತ್ಸಾಹ ಉಳಿಯಲಿಲ್ಲ. 20ನೆಯ ಶತಮಾನದ ಆರಂಭದಲ್ಲಿ ತೀರ ಸಣ್ಣ ಪಟ್ಟಿಗಳನ್ನು ಜೋಡಿಸಿ ಅಗಲ ಮಾಡಿದರು, ಇಂದು ಟ್ರ್ಯಾಕ್ಟರು ತಿರುಗಲು ಸಾಧ್ಯವಾಗಿರುವುದು ಅದರಿಂದಲೇ. ಈ ಪದ್ಧತಿಯ ಬೆಲೆ ಅರಿತು ಸರ್ಕಾರದ ಕೃಷಿ ಇಲಾಖೆ 1952ರಲ್ಲಿ ಜಮೀನನ್ನು ಕೊಂಡಿತು, 1981ರಲ್ಲಿ ಅದು ರಾಜಪಟ್ಟಕ್ಕೆ ಸೇರಿದ ಆಸ್ತಿಗಳನ್ನು ನೋಡಿಕೊಳ್ಳುವ ಕ್ರೌನ್ ಎಸ್ಟೇಟ್ ಎಂಬ ಸಂಸ್ಥೆಗೆ ಹೋಯಿತು, 2020ರಲ್ಲಿ ಮ್ಯಾನ್ವರ್ಸ್ ವಂಶದ ಹಳೆಯ ಆಸ್ತಿಯಾದ ಥೋರ್ಸ್‌ಬಿ ಎಸ್ಟೇಟಿಗೇ ಮರಳಿತು. ಒಡೆಯರು ಇಷ್ಟು ಸಲ ಬದಲಾದರೂ ಇಲ್ಲಿ ಉಳುವವರು ಗೇಣಿದಾರರಾಗಿಯೇ ಉಳಿದಿದ್ದಾರೆ. ಉಳುವವನೇ ಹೊಲದೊಡೆಯ ಎಂಬ ಮಾತನ್ನು ಕೇಳಿ ಬೆಳೆದ ನಮ್ಮವರಿಗೆ ಇದು ವಿಚಿತ್ರವೆನಿಸಬಹುದು.

ಒಡೆಯನ ಕಾಗದಪತ್ರಗಳಿಗಿಂತ ಈ ಹೊಲಗಳನ್ನು ವರ್ಷ ವರ್ಷವೂ ಕಾಯ್ದಿರುವುದು ಕೋರ್ಟ್ ಲೀಟ್ ಎಂಬ ಊರ ನ್ಯಾಯಸ್ಥಾನ. ಮಧ್ಯಯುಗದಲ್ಲಿ ಇಂಥ ನ್ಯಾಯಸ್ಥಾನಗಳು ಇಂಗ್ಲೆಂಡಿನ ತುಂಬ ಇದ್ದವು, 1977ರ ಒಂದು ಕಾಯಿದೆ ಅವುಗಳ ಅಧಿಕಾರವನ್ನು ತೆಗೆದುಹಾಕಿದಾಗಲೂ ಲ್ಯಾಕ್ಸ್‌ಟನ್ನಿನದಕ್ಕೆ ವಿನಾಯಿತಿ ದೊರೆಯಿತು. ನವೆಂಬರ್ ಕೊನೆಯಲ್ಲಿ, ಗೋಧಿಯ ಬಿತ್ತನೆ ಮುಗಿದ ಮೇಲೆ, ಊರಿನವರಿಂದಲೇ ಆಯ್ಕೆಯಾದ ಜ್ಯೂರಿ ಆ ವರ್ಷದ ಗೋಧಿ ಬಯಲಿಗೆ ಹೊರಡುತ್ತದೆ. ಪಟ್ಟಿ ಪಟ್ಟಿಯ ಅಂಚನ್ನೂ ನೋಡುತ್ತಾರೆ. ಯಾರ ನೇಗಿಲು ನೆರೆಯವನ ನೆಲಕ್ಕೆ ಒಂದಡಿ ಜರುಗಿದೆ, ಯಾರು ದಾರಿಯನ್ನು ಒತ್ತುವರಿ ಮಾಡಿದ್ದಾರೆ, ಯಾರು ಕಾಲುವೆ ತೆಗೆದಿಲ್ಲ ಎಂಬುದನ್ನೆಲ್ಲ ಗುರುತು ಹಾಕಿಕೊಂಡು, ಗಡಿ ಮಾಸಿದಲ್ಲಿ ಮರದ ಗೂಟ ಹೊಡೆಯುತ್ತಾರೆ. ವಾರದ ನಂತರ ಡವ್‌ಕೋಟ್ ಎಂಬ ಊರ ಪಬ್ಬಿನಲ್ಲಿ ನ್ಯಾಯಸ್ಥಾನ ಸೇರುತ್ತದೆ. ಬರಬೇಕಾದವರ ಹೆಸರು ಕೂಗುತ್ತಾರೆ, ಬಾರದವರಿಗೆ ಕೆಲವೇ ಪೆನ್ನಿಗಳ ದಂಡ. ಜ್ಯೂರಿಯ ಮುಖ್ಯಸ್ಥ ತಪ್ಪುಗಳ ಪಟ್ಟಿಯನ್ನು ಒಪ್ಪಿಸುತ್ತಾನೆ, ತಪ್ಪಿಗೆ ತಕ್ಕ ದಂಡ ಗೊತ್ತುಮಾಡುತ್ತಾರೆ, ಮುಂದಿನ ವರ್ಷದ ಜ್ಯೂರಿಯ ಪ್ರಮಾಣವಚನವೂ ಅಲ್ಲೇ ನಡೆಯುತ್ತದೆ. ದಂಡದ ಮೊತ್ತ ಯಾರನ್ನೂ ಬಡವನನ್ನಾಗಿಸುವಂಥದ್ದಲ್ಲ. ನೆರೆಯವರೆಲ್ಲ ಕೂತಿರುವಾಗ ತನ್ನ ಹೆಸರು ಕೂಗಿಸಿಕೊಳ್ಳುವುದೇ ಅಲ್ಲಿ ದೊಡ್ಡ ಶಿಕ್ಷೆ ಎಂದು ನನಗನ್ನಿಸುತ್ತದೆ. ಬಾಂದುಗಲ್ಲು ಕಿತ್ತ ಜಗಳಗಳು ತಾಲ್ಲೂಕು ಕಚೇರಿ ದಾಟಿ, ಕೋರ್ಟಿನ ಮೆಟ್ಟಿಲೇರಿ, ಎರಡು ತಲೆಮಾರು ಬೆಳೆಯುವುದನ್ನು ಹತ್ತಿರದಿಂದ ಕಂಡವನು ನಾನು. ಬಿತ್ತನೆಯಾದ ಕೆಲವೇ ವಾರಗಳಲ್ಲಿ, ಮಣ್ಣಿನ ಮೇಲಿನ ಗುರುತು ಇನ್ನೂ ಹಸಿಯಾಗಿರುವಾಗಲೇ, ಬೇಸಾಯ ಬಲ್ಲವರೇ ಹೋಗಿ ನೋಡಿ ತೀರ್ಮಾನಿಸುವ ಈ ವ್ಯವಸ್ಥೆಯ ಮುಂದೆ ನನ್ನ ತಲೆ ತಾನಾಗಿಯೇ ಬಾಗುತ್ತದೆ.

ಉಳಲಾಗದ ತಗ್ಗುಗಳಲ್ಲಿ, ಸಣ್ಣ ಹಳ್ಳಗಳ ಇಕ್ಕೆಲಗಳಲ್ಲಿ, ಉದ್ದುದ್ದ ಹುಲ್ಲಿನ ಪಟ್ಟೆಗಳಿವೆ. ಅವುಗಳಿಗೆ ಸೈಕ್ ಎಂದು ಹೆಸರು. ಅವು ಯಾರೊಬ್ಬರದೂ ಅಲ್ಲ. ಬೇಸಿಗೆಯಲ್ಲಿ ಅವುಗಳ ಹುಲ್ಲನ್ನು ಹರಾಜು ಹಾಕಿ, ಬಂದ ಹಣವನ್ನು ಹಕ್ಕುದಾರರು ಹಂಚಿಕೊಳ್ಳುತ್ತಾರೆ. ನೂರಾರು ವರ್ಷ ನೇಗಿಲು ಸೋಕದ ಆ ಹುಲ್ಲಿನಲ್ಲಿ ಬೇರೆಡೆ ಮರೆಯಾಗಿರುವ ಕಾಡುಹೂಗಳು ಉಳಿದುಕೊಂಡಿರುವುದರಿಂದ ಅವು ಇಂದು ಕಾನೂನಿನ ರಕ್ಷಣೆ ಪಡೆದ ಜಾಗಗಳಾಗಿವೆ. ಊರಿನಲ್ಲಿ ಒಂದು ಕೊಂಡವಾಡವೂ ಇದೆ. ಬೇಲಿಯಿಲ್ಲದ ಬಯಲಿಗೆ ತಪ್ಪಿಸಿಕೊಂಡ ದನ ನುಗ್ಗಿದರೆ ಎಲ್ಲರ ಬೆಳೆಗೂ ಕುತ್ತು, ಆದ್ದರಿಂದ ಅದನ್ನು ಹಿಡಿದು ಕೂಡಿಹಾಕಲು ಒಂದು ಕಟ್ಟೆ ಬೇಕೇ ಬೇಕಿತ್ತು.

ಹೋಗಬೇಕೆಂದಿರುವವರಿಗೆ ಕೆಲವು ಮಾತು. ನಾಟಿಂಗ್‌ಹ್ಯಾಮಿನಿಂದ ಕಾರಿನಲ್ಲಿ ಬರುವುದು ಅನುಕೂಲ. ಡವ್‌ಕೋಟ್ ಪಬ್ಬಿನ ಪಕ್ಕದಲ್ಲೇ ಊರಿನ ಚರಿತ್ರೆಯನ್ನು ವಿವರಿಸುವ ಒಂದು ಸಣ್ಣ ಕೇಂದ್ರವಿದೆ, ಮೊದಲು ಅಲ್ಲಿಗೆ ಹೋಗಿ ನಕ್ಷೆಯನ್ನು ನೋಡಿಕೊಂಡು ಆಮೇಲೆ ಬಯಲಿಗೆ ಇಳಿದರೆ ಕಣ್ಣಿಗೆ ಕಾಣುವುದೆಲ್ಲ ಅರ್ಥವಾಗುತ್ತದೆ. ಚರ್ಚು ತೆರೆದಿದ್ದರೆ ಒಳಗೆ ಓಕ್ ಮರದಲ್ಲಿ ಕೆತ್ತಿದ 14ನೆಯ ಶತಮಾನದ ಹೆಂಗಸೊಬ್ಬಳ ಮಲಗಿದ ಪ್ರತಿಮೆಯನ್ನು ಮರೆಯದೆ ನೋಡಿ. ಹೂಗಳು ಬೇಕೆಂದರೆ ಜೂನ್ ಸರಿಯಾದ ಕಾಲ. ಹಾದಿ ಬಿಟ್ಟು ಬೆಳೆಯ ಮೇಲೆ ಕಾಲಿಡಬೇಡಿ. ನನ್ನನ್ನು ಕೇಳಿದರೆ ಡಿಸೆಂಬರಿನ ಒಂದು ಬೆಳಗ್ಗೆ, ದಪ್ಪ ಕೋಟು ಮತ್ತು ಕೆಸರಿನ ಬೂಟು ಹಾಕಿಕೊಂಡು ಹೋಗಿ ಎನ್ನುತ್ತೇನೆ. ಆಗ ಗೋಧಿಯ ಪೈರು ಬೆರಳುದ್ದ ಎದ್ದಿರುತ್ತದೆ, ಒಬ್ಬರ ಹಸಿರಿಗೂ ಇನ್ನೊಬ್ಬರ ಹಸಿರಿಗೂ ನಡುವೆ ಜ್ಯೂರಿಯವರು ಕೆಲವೇ ದಿನಗಳ ಹಿಂದೆ ಹೊಡೆದ ಹೊಸ ಗೂಟಗಳು ಕೆಂಪು ಮಣ್ಣಿನಲ್ಲಿ ಬೆಳ್ಳಗೆ ನಿಂತಿರುತ್ತವೆ.