ಹುಳಕ್ಕೆ ಊಟ ಹಾಕಿದರೆ ಸಾಲದೇ?

ಲ್ಯಾಬಿನಲ್ಲಿ ಶಿಸ್ಟೊಸೋಮ ಎಂಬ ಹುಳ ಸಾಕುತ್ತೇನೆ. ಮನುಷ್ಯರ ರಕ್ತನಾಳದಲ್ಲಿ ವರ್ಷಗಟ್ಟಲೆ ಬದುಕುವ ಹುಳ ಅದು. ಇದನ್ನು ಕೇಳಿದವರದ್ದೆಲ್ಲ ಒಂದೇ ಪ್ರಶ್ನೆ: "ಅದಕ್ಕೆ ಇಲಿ, ಬಸವನಹುಳು ಎಲ್ಲ ಯಾಕೆ? ಗಾಜಿನ ತಟ್ಟೆಯಲ್ಲಿಟ್ಟು ಊಟ ಹಾಕಿದರೆ ಸಾಲದೇ?"

ಜೀವ ಉಳಿಸಬಹುದು. ಸಂತಾನ ಉಳಿಯುವುದಿಲ್ಲ. ಮ್ಯಾನ್ಸೋನಿ ಜಾತಿಯ ಹೆಣ್ಣು ರಕ್ತನಾಳದಲ್ಲಿ ದಿನಕ್ಕೆ ಸುಮಾರು 300 ಮೊಟ್ಟೆ ಇಡುತ್ತದೆ. ಹೊರತೆಗೆದು ಮಾಮೂಲಿ ಪೋಷಕ ದ್ರವದಲ್ಲಿ ಬಿಟ್ಟರೆ ಕೆಲವೇ ದಿನಗಳಲ್ಲಿ ಮೊಟ್ಟೆ ಕಟ್ಟುವ ಅಂಗ ಸೊರಗಿಹೋಗುತ್ತದೆ. ಹುಳ ಮಾತ್ರ ಆರಾಮಾಗಿ ಹೊರಳಾಡುತ್ತಿರುತ್ತದೆ. ದ್ರವಕ್ಕೆ ವಿಟಮಿನ್ ಸಿ, ಕೆಂಪು ರಕ್ತಕಣ, ಕೊಲೆಸ್ಟ್ರಾಲ್ ಸೇರಿಸಿದರೆ ತಟ್ಟೆಯಲ್ಲೂ ಮೊಟ್ಟೆ ಇಡುತ್ತದೆ ಎಂದು 2019ರಲ್ಲಿ ಒಂದು ತಂಡ ತೋರಿಸಿತು. ಅದನ್ನು ಓದಿದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ.

ಆದರೆ ಮೊಟ್ಟೆ ಸಿಕ್ಕರೆ ಕೆಲಸ ಮುಗಿಯಲಿಲ್ಲ, ಶುರುವಾಯಿತು. ಉಪ್ಪಿಲ್ಲದ ನೀರಿಗೆ ಹಾಕಿ ಬೆಳಕು ತೋರಿಸಿದರೆ ಮೊಟ್ಟೆಯೊಡೆದು ಮರಿ ಈಜಿ ಬರುತ್ತದೆ. ಅದಕ್ಕಿರುವುದು ಕೆಲವೇ ಗಂಟೆ. ಅಷ್ಟರಲ್ಲಿ ಬಸವನಹುಳು ಸಿಗಬೇಕು, ಅದೂ ಒಂದೇ ಕುಲದ್ದು, ಬಯೋಂಫಲೇರಿಯ. ಹಾಗಾಗಿ ನನ್ನ ದಿನದ ಹೆಚ್ಚಿನ ಹೊತ್ತು ಬಸವನಹುಳುಗಳ ಸೇವೆಗೇ ಹೋಗುತ್ತದೆ. ಕ್ಲೋರಿನ್ ಇರುವ ನಲ್ಲಿ ನೀರು ಅವಕ್ಕೆ ಆಗದು. ಶುರುವಿನಲ್ಲಿ ಒಮ್ಮೆ ಆತುರದಲ್ಲಿ ನೇರ ನಲ್ಲಿ ನೀರನ್ನೇ ತುಂಬಿದ್ದೆ. ಮರುದಿನ ಇಡೀ ತೊಟ್ಟಿ ಸತ್ತುಬಿದ್ದಿತ್ತು. ಆ ವಾಸನೆ ಈಗಲೂ ಮರೆತಿಲ್ಲ.

ಇನ್ನೊಂದು ಸೂಕ್ಷ್ಮ ಇದೆ, ನನಗೆ ಬಹಳ ಇಷ್ಟವಾದದ್ದು. ಒಂದು ಮರಿ ಬಸವನಹುಳುವಿನೊಳಗೆ ಹೊಕ್ಕರೆ ಅಲ್ಲೇ ಸಾವಿರಾರಾಗಿ ಹೊರಬರುತ್ತದೆ. ಆದರೆ ಅಷ್ಟೂ ಒಂದೇ ಲಿಂಗದವು, ಎಲ್ಲ ಗಂಡು ಇಲ್ಲವೇ ಎಲ್ಲ ಹೆಣ್ಣು. ಈ ಹುಳದ ಹೆಣ್ಣಾದರೋ ಗಂಡಿನ ಮೈಯ ಮಡಿಕೆಯೊಳಗೆ ಸೇರಿಕೊಂಡರೆ ಮಾತ್ರ ಪೂರ್ತಿ ಬೆಳೆಯುತ್ತದೆ. ಜೋಡಿ ಇಲ್ಲದಿದ್ದರೆ ಮೊಟ್ಟೆಯೂ ಇಲ್ಲ. ಅದಕ್ಕೇ ಒಂದೊಂದು ಬಸವನಹುಳುವಿಗೂ ಹಲವು ಮರಿಗಳನ್ನು ಬಿಡುತ್ತೇವೆ.

ಐದಾರು ವಾರದ ಮೇಲೆ ಬಸವನಹುಳುಗಳನ್ನು ಕತ್ತಲಿಂದ ತೆಗೆದು ದೀಪದ ಕೆಳಗಿಡುತ್ತೇವೆ. ಸ್ವಲ್ಪ ಹೊತ್ತಿಗೆ ನೀರಿನ ತುಂಬ ಕವಲು ಬಾಲದ ಮರಿಗಳು. ಆಗ ಕೈಗವಸು ಹಾಕಿಕೊಳ್ಳಲೇಬೇಕು. ಕೆಲವೇ ನಿಮಿಷಗಳಲ್ಲಿ ಚರ್ಮ ಕೊರೆದು ಒಳಗೆ ಹೋಗುತ್ತವೆ, ಇಲಿಯದ್ದಾದರೂ ಅಷ್ಟೇ, ನನ್ನದಾದರೂ ಅಷ್ಟೇ.

ಇಲಿಯ ವಿಷಯವನ್ನೂ ಹೇಳಬೇಕು. ಆ ಮರಿಗಳು ಇಲಿಯ ಮೈ ಹೊಕ್ಕ ಏಳು ವಾರಕ್ಕೆ ಅದರ ಲಿವರ್ ತುಂಬ ಮೊಟ್ಟೆ ಸಿಕ್ಕಿಕೊಂಡಿರುತ್ತವೆ. ತೆಗೆಯಬೇಕಾದರೆ ಇಲಿಯ ಜೀವ ಹೋಗುತ್ತದೆ. ಇಷ್ಟು ವರ್ಷವಾದರೂ ನನಗದು ಸುಲಭವಾಗಿಲ್ಲ. ತಟ್ಟೆಯಲ್ಲಿ ಮೊಟ್ಟೆ ಇಡಿಸುವ ಕೆಲಸದ ಮೇಲೆ ನನಗೆ ಆಸೆ ಜಾಸ್ತಿ ಇರುವುದು ಇದಕ್ಕೇ. ಆದರೂ ಇಲಿ ಪೂರ್ತಿ ಬೇಡವಾಗುವುದು ಕಷ್ಟ. ಹುಳ ಕೊಲ್ಲುವ ಔಷಧ ಐವರ್ಮೆಕ್ಟಿನ್ ಹುಟ್ಟಿದ್ದು ನೋಡಿ. 1970ರ ದಶಕದಲ್ಲಿ ಮಣ್ಣಿನ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು, ಕರುಳಲ್ಲಿ ಹುಳವಿದ್ದ ಇಲಿಗಳಿಗೆ ಕೊಟ್ಟು ಪರೀಕ್ಷಿಸಿದರು. ಹುಳ ಹೋಯಿತು. ಆ ಕೆಲಸಕ್ಕೆ ವಿಲಿಯಂ ಕ್ಯಾಂಪ್‌ಬೆಲ್ ಮತ್ತು ಸತೋಶಿ ಒಮುರಾ ಅವರಿಗೆ 2015ರಲ್ಲಿ ನೊಬೆಲ್ ಬಂತು. ಹುಳ ಸಾಯುವಷ್ಟು ಔಷಧ ಕೊಟ್ಟಾಗ ಹುಳ ಇರುವ ಮೈಗೆ ಏನಾಗುತ್ತದೆ ಅನ್ನುವುದು ತಟ್ಟೆಯಲ್ಲಿ ಕಾಣುವುದಿಲ್ಲ.