ಕಲಬುರಗಿಯಿಂದ ನೇತ್ರಾಣಿಗೆ: ಬಕೆಟ್ಟಿನಲ್ಲಿ ಶುರುವಾಗುವ ಸ್ನಾರ್ಕೆಲಿಂಗ್

ನಮ್ಮ ಕಡೆಯಿಂದ ಮುರುಡೇಶ್ವರಕ್ಕೆ ಹೋದವರು ಸಾಮಾನ್ಯವಾಗಿ ಶಿವನ ಮೂರ್ತಿಯ ಮುಂದೆ ಫೋಟೊ ತೆಗೆಸಿಕೊಂಡು, ಲಿಫ್ಟಿನಲ್ಲಿ ರಾಜಗೋಪುರ ಹತ್ತಿ ಇಳಿದು, ಸಂಜೆ ಮೊಣಕಾಲುದ್ದ ನೀರಿನಲ್ಲಿ ನಿಂತು ವಾಪಸ್ ಬರುತ್ತಾರೆ. ಅದೇ ದಡದಿಂದ ಸುಮಾರು 19 ಕಿಲೋಮೀಟರ್ ಒಳಗೆ ನೇತ್ರಾಣಿ ದ್ವೀಪವಿದೆ. ಸುತ್ತಲೂ ಹವಳ, ಬಂಡೆ, ಬಣ್ಣಬಣ್ಣದ ಮೀನು. ಕರ್ನಾಟಕ ಬಿಡದೆಯೇ ಇದನ್ನೆಲ್ಲ ನೋಡಬಹುದು ಅನ್ನುವುದು ಕಲಬುರಗಿ, ಬೀದರಿನಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ಈ ಚಳಿಗಾಲದಲ್ಲಿ ನಾನು, ನಮ್ಮ ಮನೆಯವರು, ತಮ್ಮ, ಅವನ ಮಗಳು, ಜೊತೆಗೆ ನಮ್ಮ ಅತ್ತೆ, ಸ್ನಾರ್ಕೆಲಿಂಗಿಗೆ ಅಂತಲೇ ಹೋಗಿಬಂದೆವು. ಬಂದಾಗಿನಿಂದ ಓಣಿಯವರು ಒಬ್ಬೊಬ್ಬರಾಗಿ ವಿಚಾರಿಸುತ್ತಿದ್ದಾರೆ. ಹೇಳಬೇಕಾದದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ.

ಸ್ನಾರ್ಕೆಲಿಂಗ್ ಅಂದರೆ ಲೈಫ್ ಜಾಕೆಟ್ ಹಾಕಿಕೊಂಡು, ಮುಖ ಕೆಳಗೆ ಮಾಡಿ ನೀರಿನ ಮೇಲೆ ತೇಲುವುದು. ಕಣ್ಣು ಮೂಗು ಎರಡನ್ನೂ ಮುಚ್ಚುವ ಮಾಸ್ಕ್, ಬಾಯಲ್ಲಿ ಕಚ್ಚಿಕೊಂಡ ಕೊಳವೆ, ಅಷ್ಟೇ ಸಾಮಾನು. ಸಿಲಿಂಡರ್ ಕಟ್ಟಿಕೊಂಡು ಆಳಕ್ಕಿಳಿಯುವ ಸ್ಕೂಬಾ ಬೇರೆ, ಅದರ ಖರ್ಚೂ ಜಾಸ್ತಿ. ಸ್ನಾರ್ಕೆಲಿಂಗಿಗೆ ಈಜು ಬರಲೇಬೇಕು ಅಂತಿಲ್ಲ. ಗೈಡ್ ಪಕ್ಕದಲ್ಲೇ ಇರುತ್ತಾರೆ. ಬರಬೇಕಾದದ್ದು ಬಾಯಿಂದ ಉಸಿರಾಡುವುದು. ಇದು ಹೇಳಿದಷ್ಟು ಸುಲಭವಲ್ಲ. ಮುಖ ನೀರಿಗೆ ತಾಗಿದ ಕೂಡಲೇ ದೇಹ ಉಸಿರು ಬಿಗಿ ಹಿಡಿಯುತ್ತದೆ, ಎದೆ ಬಡಿಯುತ್ತದೆ. ದುಡ್ಡು ಕೊಟ್ಟು, ಇಷ್ಟು ದೂರ ಬಂದು, ನೇತ್ರಾಣಿಯ ಹತ್ತಿರ ಸಿಗುವ ಮುಕ್ಕಾಲು ಗಂಟೆಯನ್ನೇ ಈ ಗಾಬರಿ ಕಳೆಯುವುದಕ್ಕೆ ಖರ್ಚು ಮಾಡುವವರನ್ನು ನಮ್ಮ ದೋಣಿಯಲ್ಲೇ ನೋಡಿದೆ.

ಹಾಗಾಗಿ ಈ ಅಭ್ಯಾಸವನ್ನು ಊರಲ್ಲೇ ಮುಗಿಸಿಕೊಳ್ಳಿ. ಗಟ್ಟಿ ಗಾಜು, ಮೆತ್ತನೆಯ ಸಿಲಿಕಾನ್ ಅಂಚು ಇರುವ ಮಾಸ್ಕ್ ಮತ್ತು ಕೊಳವೆ ಕೊಳ್ಳಿ. ಇಡೀ ಮುಖ ಮುಚ್ಚುವ ಅಗ್ಗದ ಮಾಸ್ಕ್ ಬೇಡ. ಬಿಟ್ಟ ಉಸಿರು ಅದರೊಳಗೇ ಉಳಿಯುವ ಅಪಾಯವಿದೆ. ಮಾಸ್ಕ್ ಸರಿಹೊಂದುತ್ತದೋ ಇಲ್ಲವೋ ನೋಡಲು ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಸ್ವಲ್ಪ ಉಸಿರೆಳೆದು ಕೈ ಬಿಡಿ. ಬೀಳದೆ ಅಂಟಿಕೊಂಡರೆ ಅದು ನಿಮ್ಮ ಅಳತೆಯದು. ದಪ್ಪ ಮೀಸೆಯವರಿಗೆ ಇಲ್ಲೇ ತೊಂದರೆ. ಕೂದಲಿನ ಸಂದಿಯಿಂದ ನೀರು ಜಿನುಗುತ್ತದೆ. ಮೀಸೆಗೆ ವ್ಯಾಸಲಿನ್ ಹಚ್ಚಿದರೆ ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ನಮ್ಮ ಮನೆಯವರು ಮೀಸೆ ತೆಗೆಯಲು ಸುತರಾಂ ಒಪ್ಪಲಿಲ್ಲ, ಆಗಾಗ ಮಾಸ್ಕಿನ ನೀರು ಚೆಲ್ಲಿಕೊಂಡೇ ಮೀನು ನೋಡಿದರು. ಚಾಳೀಸು ಹಾಕುವವರು ಗಮನಿಸಿ: ಅದರ ಮೇಲೆ ಮಾಸ್ಕ್ ಕೂಡುವುದಿಲ್ಲ. ನಂಬರಿನ ಗಾಜಿರುವ ಮಾಸ್ಕ್ ಸಿಗುತ್ತದೆ. ನೀರಿನೊಳಗೆ ಎಲ್ಲವೂ ಮೂರನೇ ಒಂದು ಭಾಗದಷ್ಟು ದೊಡ್ಡದಾಗಿ ಕಾಣುವುದರಿಂದ ಕಡಿಮೆ ನಂಬರಿನವರು ಹಾಗೇ ನಿಭಾಯಿಸಬಹುದು.

ಇನ್ನು ದೊಡ್ಡ ಬಕೆಟ್ ತುಂಬಿಸಿ, ಮಾಸ್ಕ್ ಹಾಕಿ, ಕೊಳವೆ ಕಚ್ಚಿ, ಮುಖ ಮುಳುಗಿಸಿ. ಮಕ್ಕಳು ಮಾಡುವಾಗ ಒಬ್ಬರು ಪಕ್ಕದಲ್ಲೇ ನಿಂತಿರಲಿ. ಮೊದಲ ದಿನ ಹತ್ತು ಉಸಿರು, ಆಮೇಲೆ ಐದು ನಿಮಿಷ. ಕೊಳವೆಗೆ ಬೇಕಂತಲೇ ನೀರು ಸುರಿದು, ಒಂದೇ ಸಲಕ್ಕೆ ಜೋರಾಗಿ ಊದಿ ಹೊರಹಾಕುವುದನ್ನೂ ರೂಢಿಸಿಕೊಳ್ಳಿ. ಅಲೆ ಬಂದಾಗ ಕೆಲಸಕ್ಕೆ ಬರುವುದು ಇದೇ. ತಮ್ಮನ ಮಗಳು ಅಂಗಳದಲ್ಲಿ ಇದನ್ನು ಮಾಡುವಾಗ ಅತ್ತೆ, "ಬಕೀಟಿನಾಗ ಮೀನ ಹುಡುಕ್ಲಕತ್ತೀರೇನ್ರವ್ವಾ?" ಅಂತ ನಕ್ಕಿದ್ದೇ ನಕ್ಕಿದ್ದು. ಸಮುದ್ರದಲ್ಲಿ ನಮ್ಮೆಲ್ಲರಿಗಿಂತ ಮೊದಲು ಸಲೀಸಾಗಿ ತೇಲಿದವಳು ಅದೇ ಹುಡುಗಿ. ತಮ್ಮನಿಗೆ ಹೊಲದ ಬಾವಿಯಲ್ಲಿ ಕಲಿತ ಈಜು ಚೆನ್ನಾಗಿ ಬರುತ್ತದೆ, ಆದರೆ ಬಾವಿ ಈಜಿನವರದು ತಲೆ ಮೇಲೆತ್ತಿ ಕೈ ಬಡಿಯುವ ರೂಢಿ. ಇಲ್ಲಿ ತಲೆ ತಗ್ಗಿಸಿ ಸುಮ್ಮನೆ ಮಲಗಬೇಕು. ಉಪ್ಪುನೀರು ತಾನೇ ಎತ್ತಿ ಹಿಡಿಯುತ್ತದೆ. ಬಡಿದಾಡಿದಷ್ಟೂ ದಣಿವು, ಮೀನೂ ಓಡಿಹೋಗುತ್ತವೆ.

ದಾರಿಯ ವಿಷಯ. ಸ್ವಂತ ಗಾಡಿಯಾದರೆ ಜೇವರ್ಗಿ, ಸಿಂದಗಿ ಮೇಲಿಂದ ವಿಜಯಪುರ. ಅಲ್ಲಿಂದ 52ನೇ ಹೆದ್ದಾರಿ ಹಿಡಿದು ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಾಟ್ ಇಳಿದು ಅಂಕೋಲಾ. ನಂತರ 66ನೇ ಹೆದ್ದಾರಿಯಲ್ಲಿ ಕುಮಟಾ, ಹೊನ್ನಾವರ ದಾಟಿದರೆ ಮುರುಡೇಶ್ವರ. ಒಟ್ಟು 550 ಕಿಲೋಮೀಟರ್ ಮೇಲಾಗುತ್ತದೆ. ಒಂದೇ ಏಟಿಗೆ ಓಡಿಸಬೇಡಿ, ಹುಬ್ಬಳ್ಳಿಯಲ್ಲಿ ರಾತ್ರಿ ಉಳಿಯಿರಿ. ಘಾಟ್ ಹಗಲು ಇಳಿಯುವುದೇ ಚಂದ. ಬಸ್ಸಾದರೆ ರಾತ್ರಿ ಹುಬ್ಬಳ್ಳಿಗೆ ಹೊರಟು, ಬೆಳಿಗ್ಗೆ ಅಲ್ಲಿ ಕರಾವಳಿಯ ಬಸ್ ಹಿಡಿಯಿರಿ. ಯಾದಗಿರಿಯವರಿಗೆ ರೈಲು ಒಗ್ಗುತ್ತದೆ: ಬೆಂಗಳೂರಿಗೆ ಹೋಗಿ, ಅಲ್ಲಿಂದ ರಾತ್ರಿ ಕಾರವಾರದ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದರೆ ಮುರುಡೇಶ್ವರ ನಿಲ್ದಾಣದಲ್ಲೇ ಇಳಿಯಬಹುದು. ಸುತ್ತು ಹೌದು, ಆದರೆ ಮಲಗಿಕೊಂಡು ಹೋಗಬಹುದು.

ಮಳೆಗಾಲದಲ್ಲಿ ಈ ಯೋಚನೆಯೇ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೇತ್ರಾಣಿಗೆ ದೋಣಿ ಬಿಡುವುದಿಲ್ಲ. 2024ರ ಜುಲೈನಲ್ಲಿ ಗುಡ್ಡ ಕುಸಿದು ಜೀವಹಾನಿಯಾದ ಶಿರೂರು ಕೂಡ ಅಂಕೋಲಾ, ಕುಮಟಾ ನಡುವಿನ ಇದೇ ಹೆದ್ದಾರಿಯಲ್ಲಿದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ನೀರು ತಿಳಿಯಾಗಿರುತ್ತದೆ. ಶಿವರಾತ್ರಿ ಸುತ್ತಮುತ್ತ ರೂಮು ಸಿಗುವುದು ಕಷ್ಟ. ಬೇಸಿಗೆ ರಜೆಯಲ್ಲೇ ಹೋಗುವವರಿಗೆ ಒಂದು ಮಾತು: 43 ಡಿಗ್ರಿ ತಡೆದುಕೊಂಡ ನಮಗೆ 34 ಯಾವ ಲೆಕ್ಕ ಅಂದುಕೊಳ್ಳಬೇಡಿ. ಅಲ್ಲಿನ ಬೆವರು ಆರುವುದೇ ಇಲ್ಲ.

ದಡದ ಮೇಲಿನ ಹೋಟೆಲಿನಲ್ಲೇ ಉಳಿದರೆ ಬೆಳಿಗ್ಗೆ ಓಡಾಟ ತಪ್ಪುತ್ತದೆ. ಆದರೆ "ಸೀ ವ್ಯೂ" ಅಂದರೆ ಯಾವ ಮಹಡಿ, ಕಿಟಕಿಯ ಮುಂದೆ ಏನಿದೆ ಅಂತ ಬುಕ್ ಮಾಡುವ ಮೊದಲೇ ಕೇಳಿ. ನಮಗೆ ಕೊಟ್ಟ ರೂಮಿನಿಂದ ಕಂಡದ್ದು ಮುಕ್ಕಾಲು ಪಾಲು ಪಾರ್ಕಿಂಗ್, ಅದರಾಚೆ ಗೆರೆಯಷ್ಟು ಸಮುದ್ರ. ಹೊರಗೆ ಮರಳು ತೊಳೆಯಲು ನಲ್ಲಿ ಇದೆಯಾ, ಒದ್ದೆ ಬಟ್ಟೆ ಹರವಲು ಜಾಗ ಇದೆಯಾ ಅನ್ನುವುದು ವ್ಯೂಗಿಂತ ಮುಖ್ಯ. ಹೋದ ಮರುದಿನಕ್ಕೆ ದೋಣಿ ಹೇಳಿಟ್ಟು, ಅದರ ಮುಂದೆ ಒಂದು ದಿನ ಖಾಲಿ ಬಿಡಿ. ಗಾಳಿ ಎದ್ದರೆ ಟ್ರಿಪ್ ರದ್ದು ಮಾಡುತ್ತಾರೆ, ಮಾಡಲೇಬೇಕು. ಆಗ ವಾಪಸ್ ಟಿಕೆಟ್ ಅದೇ ಸಂಜೆಗಿದ್ದರೆ ನೇತ್ರಾಣಿ ಕೈತಪ್ಪಿದಂತೆಯೇ. ದರ ಕೇಳುವಾಗ ದೋಣಿ, ಗೈಡ್, ಮಾಸ್ಕ್, ಕ್ಯಾಮೆರಾ ಎಲ್ಲ ಸೇರಿದೆಯಾ, ರದ್ದಾದರೆ ದುಡ್ಡು ವಾಪಸ್ಸಾ, ದೋಣಿಯಲ್ಲಿ ಆಮ್ಲಜನಕ ಇದೆಯಾ, ಒಬ್ಬ ಗೈಡಿಗೆ ಎಷ್ಟು ಜನ ಅನ್ನುವುದನ್ನು ಬಿಡದೆ ಕೇಳಿ.

ಬೆಳಗಿನ ದೋಣಿಯೇ ಸರಿ. ಬಿಸಿಲೇರಿ ನೆಲ ಕಾದ ಮೇಲೆ ಸಮುದ್ರದ ಕಡೆಯಿಂದ ಗಾಳಿ ಬೀಸಲು ಶುರುವಾಗುತ್ತದೆ, ಮಧ್ಯಾಹ್ನಕ್ಕೆ ಅಲೆ ಏಳುತ್ತವೆ. ದ್ವೀಪ ಮುಟ್ಟಲು ಒಂದರಿಂದ ಒಂದೂವರೆ ಗಂಟೆ. ವಾಂತಿ ಬರುವವರು ಡಾಕ್ಟರನ್ನು ಕೇಳಿ, ಹೊರಡುವ ಒಂದು ತಾಸು ಮೊದಲೇ ಗುಳಿಗೆ ನುಂಗಿರಬೇಕು. ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದರೆ ಪ್ರಯೋಜನವಿಲ್ಲ. ಎಣ್ಣೆ ತಿಂಡಿ ಬಿಟ್ಟು ಎರಡು ಇಡ್ಲಿ ತಿನ್ನಿ, ದೋಣಿಯ ಹಿಂಭಾಗದಲ್ಲಿ ಕೂತು ದೂರದ ಗೆರೆಯನ್ನೇ ನೋಡುತ್ತಿರಿ. ಮೊಬೈಲ್ ನೋಡಿದವರೇ ಮೊದಲು ವಾಂತಿ ಮಾಡಿಕೊಳ್ಳುವುದು.

ಹೆಣ್ಣುಮಕ್ಕಳು ಚೂಡಿದಾರ, ವೇಲ್ ಹಾಕಿ ನೀರಿಗಿಳಿಯಬೇಡಿ. ಹತ್ತಿ ಬಟ್ಟೆ ನೀರು ಕುಡಿದು ಭಾರವಾಗುತ್ತದೆ, ಕಾಲಿಗೆ ಸುತ್ತಿಕೊಳ್ಳುತ್ತದೆ. ಮೈಗೆ ಅಂಟುವ ಲೆಗ್ಗಿಂಗ್ಸ್, ತುಂಬು ತೋಳಿನ ಈಜು ಟೀ ಶರ್ಟ್ ಮರ್ಯಾದೆಗೂ ಆಯಿತು, ಬಿಸಿಲಿಗೂ ಆಯಿತು. ಮುಖ ಕೆಳಗಿರುವುದರಿಂದ ಸುಡುವುದು ಕುತ್ತಿಗೆ ಹಿಂಭಾಗ, ಮೀನಖಂಡ. ತಾಳಿ, ಬಳೆ, ಉಂಗುರ ರೂಮಿನಲ್ಲೇ ಬಿಟ್ಟು ಬನ್ನಿ. ಮಾಸ್ಕಿನ ಒಳಗಾಜಿಗೆ ಸ್ವಲ್ಪ ಉಗುಳು ಸವರಿ ತೊಳೆದರೆ ಮಂಜು ಕಟ್ಟುವುದಿಲ್ಲ. ಹೇಸಿಗೆ ಅನಿಸಿದವರು ಮಕ್ಕಳ ಶಾಂಪೂ ಒಯ್ಯಿರಿ.

ನೇತ್ರಾಣಿಯ ಬಂಡೆಗೋಡೆ ನೀರಿನಿಂದ ನೆಟ್ಟಗೆ ಎದ್ದಿದೆ. ದೋಣಿ ಅದರ ಹತ್ತಿರ ಲಂಗರು ಹಾಕಿತು. "ಅಕ್ಕ, ಮೂಗಲ್ಲಿ ಬೇಡ, ಬಾಯಲ್ಲೇ ಉಸಿರಾಡಿ, ನಿಧಾನ" ಅಂತ ಗೈಡ್ ಹುಡುಗ ತೋಳು ಹಿಡಿದುಕೊಂಡ. ತಲೆ ತಗ್ಗಿಸಿದ ಕೂಡಲೇ ದೋಣಿಯ ಗಲಾಟೆ ನಿಂತು, ನನ್ನ ಉಸಿರಿನ ಸದ್ದೊಂದೇ ಉಳಿಯಿತು. ಕೆಳಗೆ ಕಪ್ಪು ಪಟ್ಟೆಯ ಸಾರ್ಜೆಂಟ್ ಮೀನುಗಳ ಹಿಂಡು, ಹಳದಿ ಚಿಟ್ಟೆ ಮೀನಿನ ಜೋಡಿ. ಆಮೇಲೆ ಕಟಕಟ ಅನ್ನುವ ಸದ್ದು ಕೇಳಿಸಿತು. ನೋಡಿದರೆ ನೀಲಿಹಸಿರು ಗಿಳಿ ಮೀನೊಂದು ಬಂಡೆಯನ್ನು ಹಲ್ಲಿನಿಂದ ಕೆರೆದು ಪಾಚಿ ತಿನ್ನುತ್ತಿದೆ, ಒಣ ಜೋಳದ ರೊಟ್ಟಿ ಕಡಿದ ಹಾಗೆ. ಅದರ ಬಾಯಿಂದ ಉದುರಿದ ಪುಡಿಗೆ ಸಣ್ಣ ಮೀನುಗಳು ಮುಗಿಬಿದ್ದವು. ಎಷ್ಟು ಹೊತ್ತು ಅದನ್ನೇ ನೋಡಿದೆನೋ, ಗೈಡ್ ಭುಜ ತಟ್ಟಬೇಕಾಯಿತು.

ಹವಳದ ಮೇಲೆ ನಿಲ್ಲಬೇಡಿ, ಮುಟ್ಟಬೇಡಿ. ಅದು ಕಲ್ಲಲ್ಲ, ಜೀವ, ಕಾಲೂ ಕೊಯ್ಯುತ್ತದೆ. ಮುರಿದು ತರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಹಾಗೆಯೇ, ನೇತ್ರಾಣಿಯಲ್ಲಿ ತೇಲಿದ ಧೈರ್ಯದಲ್ಲಿ ಸಂಜೆ ಮುರುಡೇಶ್ವರದ ದಡದಲ್ಲಿ ಲೈಫ್ ಜಾಕೆಟ್ ಇಲ್ಲದೆ ಮುಂದೆ ಹೋಗಬೇಡಿ. ಅಲ್ಲಿನ ಅಲೆ, ಸೆಳೆತವೇ ಬೇರೆ. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಅಲ್ಲೇ ಮುಳುಗಿ ತೀರಿಕೊಂಡರು. ಜೀವರಕ್ಷಕರು ಸೀಟಿ ಊದಿದರೆ ಮರುಮಾತಿಲ್ಲದೆ ಹೊರಗೆ ಬನ್ನಿ.

ನೀರಿಗಿಳಿಯದ ಹಿರಿಯರನ್ನು ದೋಣಿ ಹತ್ತಿಸುವುದು ಬೇಡ. ಲಂಗರು ಹಾಕಿ ನಿಂತ ದೋಣಿ ಓಡುವ ದೋಣಿಗಿಂತ ಹೆಚ್ಚು ತೂಗಾಡುತ್ತದೆ. ಅತ್ತೆ ದಡದಲ್ಲೇ ಉಳಿದರು. ಕುಚಲಕ್ಕಿ ಅನ್ನ ಅವರಿಗೆ ಹಿಡಿಸಲಿಲ್ಲ, ಮನೆಯಿಂದ ಒಯ್ದ ಖಡಕ್ ರೊಟ್ಟಿ, ಶೇಂಗಾ ಹಿಂಡಿಯಲ್ಲೇ ದಿನ ತೆಗೆದರು. ನೀವೂ ಒಂದು ಡಬ್ಬಿ ಕಟ್ಟಿಕೊಳ್ಳಿ.

ಕೊನೆಗೆ ಸ್ಕೂಬಾ ಮಾಡುವವರಿಗೆ. ಸಿಲಿಂಡರಿನ ಗಾಳಿ ಉಸಿರಾಡಿ ಆಳಕ್ಕಿಳಿದರೆ ಸಾರಜನಕ ಮೈಯಲ್ಲಿ ಕರಗಿರುತ್ತದೆ, ಅದು ಹೊರಹೋಗಲು ಸಮಯ ಬೇಕು. ವಿಮಾನ ಹತ್ತಲು ಒಂದು ಡೈವ್‌ಗೆ ಕನಿಷ್ಠ 12 ತಾಸು, ಹೆಚ್ಚಾದರೆ 18 ತಾಸು ಕಾಯಿರಿ ಅನ್ನುತ್ತಾರೆ. ವಿಮಾನದ ಮಾತು ಎಲ್ಲರಿಗೂ ಗೊತ್ತು, ಘಾಟ್ ಹತ್ತುವುದನ್ನು ಮರೆಯುತ್ತಾರೆ. ಹುಬ್ಬಳ್ಳಿ ಸಮುದ್ರಮಟ್ಟದಿಂದ 600 ಮೀಟರಿಗೂ ಮೇಲಿದೆ. ಬೆಳಿಗ್ಗೆ ಡೈವ್ ಮಾಡಿ ಸಂಜೆಗೇ ಅರಬೈಲ್ ಹತ್ತುವ ಬದಲು ಆ ರಾತ್ರಿ ಮುರುಡೇಶ್ವರದಲ್ಲೇ ಮಲಗಿ. ಬರೀ ಸ್ನಾರ್ಕೆಲಿಂಗ್ ಮಾಡಿದವರಿಗೆ ಈ ಕಟ್ಟುಪಾಡಿಲ್ಲ, ಸಂಜೆಯೇ ಗಾಡಿ ಬಿಡಬಹುದು.