ಪಿಂಚಣಿ ಇಲ್ಲದವರು ಹೇಗ್ರೀ ನಡೆಸೋದು?

ಬೆಳಿಗ್ಗೆ ಕುಂದವಾಡ ಕೆರೆ ಏರಿಯ ಮೇಲೆ ನಡೆಯುವಾಗ, ಮದುವೆ ಮನೆಯ ಪಂಕ್ತಿಯಲ್ಲಿ, ನಮ್ಮ ವಿದ್ಯಾನಗರದ ಬೀದಿಗೆ ಬರುವ ತರಕಾರಿ ಗಾಡಿಯ ಮುಂದೆ, ಎಲ್ಲಿ ಸಿಕ್ಕರೂ ಜನ ನನ್ನನ್ನು ಸುತ್ತಿ ಬಳಸಿ ಇದೊಂದನ್ನೇ ಕೇಳುತ್ತಾರೆ. "ಅಕ್ಕಾ, ನಿಮ್ಮದು ಸರ್ಕಾರಿ ನೌಕರಿ ಅಲ್ಲ, ಪಿಂಚಣಿ ಇಲ್ಲ. ಮತ್ತೆ ಹೇಗೆ ನಡೀತೈತಿ? ದುಡ್ಡು ಎಲ್ಲಿ ಹಾಕೀರಿ?"

ನಾನು ಇಲ್ಲೇ ದಾವಣಗೆರೆಯ ಒಂದು ಖಾಸಗಿ ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿ 27 ವರ್ಷ ದುಡಿದು, 2024ರಲ್ಲಿ, 58 ತುಂಬಿದಾಗ ನಿವೃತ್ತಳಾದೆ. ನಮ್ಮ ಮನೆಯವರದು ಸಣ್ಣ ಸ್ಟೇಷನರಿ ಅಂಗಡಿ. ಎಲ್ಲಿ ಹಾಕಿದೆ ಅನ್ನುವುದನ್ನು ಎರಡು ನಿಮಿಷದಲ್ಲಿ ಹೇಳಿಬಿಡಬಹುದು. ಆದರೆ ಅಷ್ಟನ್ನೇ ಹೇಳಿ ಕಳಿಸಿದರೆ ಕೇಳಿದವರಿಗೆ ಅನ್ಯಾಯ ಮಾಡಿದ ಹಾಗೆ. ಯಾಕೆ ಅಂದರೆ ನಾನು ಇದನ್ನು ಕಲಿತದ್ದು ಲಾಭದಿಂದಲ್ಲ, ನಮ್ಮ ಅಪ್ಪಾಜಿಯ ಸೈಟಿನಿಂದ.

ಅಪ್ಪಾಜಿ ಬಟ್ಟೆ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುವ ಹೆಸರು ಬಂದದ್ದೇ ಈ ಮಿಲ್ಲುಗಳಿಂದ. ಒಂದೊಂದಾಗಿ ಅವು ಮುಚ್ಚಿದವು, ಅಪ್ಪಾಜಿಯದೂ ಮುಚ್ಚಿತು. ಕೈಗೆ ಬಂದ ಹಣದಲ್ಲಿ ಹೆಚ್ಚುಕಡಿಮೆ ಪೂರ್ತಿ ಕೊಟ್ಟು ಊರ ಹೊರಗೆ ಒಂದು ಸೈಟ್ ಕೊಂಡರು. "ಭೂಮಿ ಎಲ್ಲೂ ಓಡಿ ಹೋಗಲ್ಲವ್ವ" ಅನ್ನುತ್ತಿದ್ದರು. ನಿಜ, ಎಲ್ಲೂ ಓಡಿ ಹೋಗಲಿಲ್ಲ. ಅಮ್ಮನಿಗೆ ಆಪರೇಷನ್ ಆಗಬೇಕು ಅಂತಾದಾಗಲೂ ಅದು ಅಲ್ಲೇ ಇತ್ತು. ಮಾರೋಣ ಅಂದರೆ ಬಂದವರೆಲ್ಲ ಖಾತೆ ಎಲ್ಲಿ, ಹೊಲವನ್ನು ಮನೆ ಕಟ್ಟುವ ಜಾಗ ಮಾಡಿದ ಅಲಿನೇಷನ್ ಆದೇಶ ಎಲ್ಲಿ ಅಂತ ಕೇಳಿ ಎದ್ದು ಹೋದರು. ಹೊಲವನ್ನು ಹೊಲವಾಗಿಯೇ ತುಂಡು ಮಾಡಿ ಮಾರಿದ್ದು ಅಂತ ಆಮೇಲೆ ಗೊತ್ತಾಯಿತು. ಆ ಕಾಗದ ನೋಡಿ ಬ್ಯಾಂಕಿನವರೂ ಸಾಲ ಕೊಡಲಿಲ್ಲ. ಕೊನೆಗೆ ನೂರಕ್ಕೆ ಮೂರರ ಬಡ್ಡಿಗೆ, ಅದೂ ತಿಂಗಳ ಬಡ್ಡಿಗೆ, ಕೈಸಾಲ ತಂದೆವು. ಅದನ್ನು ತೀರಿಸಲು ನನ್ನ ಸಂಬಳದ ನಾಲ್ಕು ವರ್ಷ ಹೋಯಿತು. ಭವಿಷ್ಯ ನಿಧಿಯ, ಅಂದರೆ ಪಿಎಫ್‌ನ, ಪಿಂಚಣಿ ಅಂತ ಅಪ್ಪಾಜಿಗೆ ಬರುತ್ತಿದ್ದದ್ದು ಐನೂರೂ ಇರಲಿಲ್ಲ. ಕನಿಷ್ಠ ಸಾವಿರ ರೂಪಾಯಿ ಅಂತ ಆದದ್ದು 2014ರ ಸೆಪ್ಟೆಂಬರಿನಲ್ಲಿ.

ನಮ್ಮ ಕಡೆಯವರಿಗೆ ಇದನ್ನು ಸೂಳೆಕೆರೆಯ ಮಾತಲ್ಲಿ ಹೇಳಿದರೆ ತಕ್ಷಣ ತಿಳಿಯುತ್ತದೆ. ಅಷ್ಟು ದೊಡ್ಡ ಕೆರೆ ಸುತ್ತಲಿನ ಗದ್ದೆಗೆ ಆಸರೆಯಾದದ್ದು ಬರೀ ನೀರು ತುಂಬಿದ್ದಕ್ಕಲ್ಲ, ಸಿದ್ದನಾಲೆ, ಬಸವನಾಲೆ ಅಂತ ಎರಡು ನಾಲೆ ಇರುವುದಕ್ಕೆ. ತೂಬಿಲ್ಲದ ಕೆರೆ ನೋಡಲು ಚಂದ, ಪೈರಿಗೆ ಬಾರದು. ಅಪ್ಪಾಜಿ ಕೆರೆ ಕಟ್ಟಿದ್ದರು, ತೂಬು ಇಡಲಿಲ್ಲ. ಅದಕ್ಕೇ ಯಾರಾದರೂ ಎಲ್ಲಿ ಹಾಕಲಿ ಅಂದರೆ ನಾನು ತಿರುಗಿ ಕೇಳುವುದು: ಈ ದುಡ್ಡು ನಿಮಗೆ ಯಾವಾಗ ಬೇಕು? ಇದೇ ವರ್ಷವೋ, ಐದು ವರ್ಷಕ್ಕೋ, ಹದಿನೈದು ವರ್ಷಕ್ಕೋ? ಅದು ತಿಳಿದರೆ ಎಲ್ಲಿ ಅನ್ನುವುದರ ಅರ್ಧ ತಾನಾಗಿ ತೀರ್ಮಾನವಾಗುತ್ತದೆ.

ನನ್ನ ಲೆಕ್ಕವನ್ನೇ ಬಿಚ್ಚಿಡುತ್ತೇನೆ. ಪಿಎಫ್ ಮತ್ತು ಗ್ರಾಚುಟಿ ಸೇರಿ ಬಂದದ್ದು 20 ಲಕ್ಷ. ಅದರಲ್ಲಿ 15 ಲಕ್ಷ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹೋಯಿತು. ಇದಕ್ಕೆ 60 ತುಂಬಿರಬೇಕು ಅಂತ ಬಹಳ ಜನ ತಿಳಿದಿದ್ದಾರೆ. 55 ದಾಟಿ ನಿವೃತ್ತರಾದವರೂ, ನಿವೃತ್ತಿಯ ಹಣ ಕೈಸೇರಿದ ಮೂರು ತಿಂಗಳೊಳಗೆ ಹೋದರೆ, ಆ ಹಣದ ಮಟ್ಟಿಗೆ ಖಾತೆ ತೆರೆಯಬಹುದು. ನನಗೆ ಸಿಕ್ಕ ಬಡ್ಡಿ ನೂರಕ್ಕೆ 8.2, ಐದು ವರ್ಷ ಅದು ಬದಲಾಗುವುದಿಲ್ಲ. ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿಯ ಮೊದಲಿಗೆ 30,750 ರೂಪಾಯಿ ಬರುತ್ತದೆ, ಅಂದರೆ ತಿಂಗಳಿಗೆ 10,250. ಇದೇ ನನ್ನ ತೂಬು. ಒಬ್ಬರು 30 ಲಕ್ಷದವರೆಗೆ ಇದರಲ್ಲಿ ಇಡಬಹುದು. ಮತ್ತೆ 4 ಲಕ್ಷ ಬ್ಯಾಂಕಿನ ಎಫ್‌ಡಿಯಲ್ಲಿದೆ. ಅದು ಅಮ್ಮನ ಆಪರೇಷನ್ನಿನ ದಿನವನ್ನು ನೆನೆದು ಇಟ್ಟದ್ದು, ಮಕ್ಕಳು ಕೇಳಿದರೂ ಕೊಡುವುದಿಲ್ಲ. ಉಳಿದ ಒಂದು ಲಕ್ಷ ತಾರಸಿ ರಿಪೇರಿಗೆ ಹೋಯಿತು.

ಇದಲ್ಲದೆ ಇಪಿಎಸ್, ಅಂದರೆ ಪಿಎಫ್ ಜೊತೆಗೇ ಬರುವ ನೌಕರರ ಪಿಂಚಣಿ, ತಿಂಗಳಿಗೆ ನಾಲ್ಕು ಸಾವಿರಕ್ಕೆ ಸ್ವಲ್ಪ ಕಡಿಮೆ. 27 ವರ್ಷ ಕಟ್ಟಿಯೂ ಇಷ್ಟೇನಾ ಅಂತ ಕೇಳುವವರಿಗೆ ಕಾರಣ ಹೇಳಬೇಕು. ಮಾಲೀಕರು ನಮ್ಮ ಪಿಎಫ್‌ಗೆ ಕಟ್ಟುವ ನೂರಕ್ಕೆ 12ರಲ್ಲಿ 8.33 ಪಾಲು ಪಿಂಚಣಿ ನಿಧಿಗೆ ಹೋಗುತ್ತದೆ. ಆದರೆ ನಿಮ್ಮ ಸಂಬಳ ಎಷ್ಟೇ ಇರಲಿ, ಲೆಕ್ಕಕ್ಕೆ ಹಿಡಿಯುವುದು ಸಾಮಾನ್ಯವಾಗಿ 15,000ವನ್ನು ಮಾತ್ರ. 2014ಕ್ಕೆ ಮುಂಚೆ ಅದು 6,500 ಇತ್ತು. ಆ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. ಇವತ್ತು ಕೆಲಸಕ್ಕೆ ಸೇರಿ 30 ವರ್ಷ ದುಡಿದವರಿಗೂ ಈ ಮಿತಿಯಲ್ಲಿ ಬರುವುದು ಆರೂವರೆ ಸಾವಿರದ ಆಸುಪಾಸು. ಹತ್ತು ವರ್ಷದ ಸೇವೆ ಇಲ್ಲದಿದ್ದರೆ ಪಿಂಚಣಿಯೇ ಇಲ್ಲ. ಖಾಸಗಿ ಶಾಲೆಗಳಲ್ಲಿ, ಶೋರೂಂಗಳಲ್ಲಿ ಕೆಲಸ ಮಾಡುವ ನಮ್ಮ ಹುಡುಗ ಹುಡುಗಿಯರು ಕೆಲಸ ಬಿಟ್ಟಾಗಲೆಲ್ಲ ಪಿಎಫ್ ಬಿಡಿಸಿಕೊಂಡು ಮೊಬೈಲೋ ಬೈಕೋ ತಗೊಳ್ಳುತ್ತಾರೆ. ಅದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅವರು ಬಿಡಿಸಿಕೊಂಡದ್ದು ಬರೀ ಹಣವಲ್ಲ, ಸೇವೆಯ ವರ್ಷಗಳು. ಕೆಲಸ ಬದಲಾದರೂ ಯುಎಎನ್ ಅನ್ನುವ ಪಿಎಫ್ ನಂಬರ್ ಒಂದೇ ಇರಲಿ, ಹಳೆಯ ಖಾತೆಯನ್ನು ಹೊಸ ಕೆಲಸಕ್ಕೆ ವರ್ಗಾಯಿಸಿಕೊಳ್ಳಿ. ಆಗಾಗ ಪಾಸ್‌ಬುಕ್ ತೆರೆದು ಮಾಲೀಕರು ಕಟ್ಟುತ್ತಿದ್ದಾರೋ ಇಲ್ಲವೋ ನೋಡಿಕೊಳ್ಳಿ.

ಈಗ ಬಡ್ಡಿಯ ಮಾತು. ಬಡ್ಡಿಯಲ್ಲೇ ಕಾಲ ಹಾಕಬಹುದು ಅನ್ನುವವರಿಗೆ ನನ್ನ ಪಿಪಿಎಫ್ ಪುಸ್ತಕ ತೋರಿಸುತ್ತೇನೆ. ಪಿಪಿಎಫ್ ಅಂದರೆ ಯಾರು ಬೇಕಾದರೂ ತೆರೆಯಬಹುದಾದ, 15 ವರ್ಷದ ಸರ್ಕಾರಿ ಉಳಿತಾಯ ಖಾತೆ. ನಾನು 2001ರಲ್ಲಿ ತೆರೆದೆ. ಅದಕ್ಕೆ ಒಂದೆರಡು ವರ್ಷದ ಹಿಂದಷ್ಟೇ ನೂರಕ್ಕೆ 12 ಕೊಡುತ್ತಿದ್ದರು. 2020ರ ಏಪ್ರಿಲ್‌ಗೆ ಅದು 7.1ಕ್ಕೆ ಇಳಿಯಿತು. ಇತ್ತ ಖರ್ಚು ಇಳಿದದ್ದನ್ನು ಯಾರಾದರೂ ಕಂಡಿದ್ದೀರಾ? ಬೆಲೆ ವರ್ಷಕ್ಕೆ ನೂರಕ್ಕೆ 6ರಂತೆ ಏರಿದರೆ, 72ನ್ನು 6ರಿಂದ ಭಾಗಿಸಿ ನೋಡಿ, 12 ವರ್ಷಕ್ಕೆ ಖರ್ಚು ದುಪ್ಪಟ್ಟು. ಇವತ್ತು ನಮ್ಮ ಮನೆಗೆ 25 ಸಾವಿರ ಬೇಕು, ನನಗೆ 70 ದಾಟುವ ಹೊತ್ತಿಗೆ 50 ಸಾವಿರ ಬೇಕು. ಅಂಚೆ ಕಚೇರಿಯ 10,250 ಆಗಲೂ 10,250ರ ಸುತ್ತಮುತ್ತಲೇ ಇರುತ್ತದೆ. ಸದ್ಯ ಅಂಗಡಿ ನಡೆಯುತ್ತಿದೆ, ಕೊರತೆ ಅಲ್ಲಿಂದ ತುಂಬುತ್ತದೆ. ನಮ್ಮ ಮನೆಯವರು ಬಾಗಿಲು ಹಾಕಿದ ಮೇಲೆ?

ಅದಕ್ಕಾಗಿಯೇ ಪಿಪಿಎಫ್ ಮತ್ತು ಮ್ಯೂಚುವಲ್ ಫಂಡ್ ಎರಡನ್ನೂ ಇನ್ನೂ ಮುಟ್ಟಿಲ್ಲ. ಪಿಪಿಎಫ್ 15 ವರ್ಷಕ್ಕೆ ಮುಗಿಯಿತು ಅಂತ ಎಲ್ಲರೂ ತೆಗೆದುಬಿಡುತ್ತಾರೆ. ಹಣ ಕಟ್ಟುತ್ತಲೇ ಐದೈದು ವರ್ಷ ಮುಂದುವರಿಸಬಹುದು, ಆದರೆ ಅದಕ್ಕೆ ಅರ್ಜಿಯನ್ನು ಅವಧಿ ಮುಗಿದ ಒಂದು ವರ್ಷದೊಳಗೆ ಕೊಡಲೇಬೇಕು. ನಾನು ಎರಡು ಸಲ ಮುಂದುವರಿಸಿದ್ದೇನೆ.

ಷೇರಿನ ಹೆಸರೆತ್ತಿದರೆ ನಮ್ಮ ಮನೆಯಲ್ಲಿ ಜೂಜು ಅಂದವರೇ ಹೆಚ್ಚು. ನಾನು 2012ರಲ್ಲಿ ತಿಂಗಳಿಗೆ ಸಾವಿರ ರೂಪಾಯಿಯ ಎಸ್‌ಐಪಿ, ಅಂದರೆ ತಿಂಗಳು ತಿಂಗಳು ಫಂಡಿಗೆ ಕಟ್ಟುವ ಕಂತು, ಶುರು ಮಾಡಿದ್ದು ಯಾರಿಗೂ ಹೇಳದೆ. ಮಾರುಕಟ್ಟೆಯ ದೊಡ್ಡ ಕಂಪನಿಗಳನ್ನೆಲ್ಲ ಒಟ್ಟಿಗೆ ಹಿಡಿದಿರುವ ಇಂಡೆಕ್ಸ್ ಫಂಡ್ ಅನ್ನುವ ಮ್ಯೂಚುವಲ್ ಫಂಡ್ ಅದು, ಒಂದೇ ಕಂಪನಿಯ ಮೇಲೆ ಪಣ ಕಟ್ಟಿದ್ದಲ್ಲ. ಸಂಬಳ ಏರಿದ ಹಾಗೆ ಅದನ್ನೂ ಏರಿಸಿದೆ. ಮಾಡಿದ ತಪ್ಪು ಒಂದೇ, ಆದರೆ ದೊಡ್ಡದು. 2020ರ ಮಾರ್ಚ್ 23ರಂದು ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ 26 ಸಾವಿರಕ್ಕಿಂತ ಕೆಳಗೆ ಬಿತ್ತು. ಜನವರಿಯಲ್ಲಿ 42 ಸಾವಿರದ ಹತ್ತಿರ ಇದ್ದದ್ದು. ಊರೆಲ್ಲ ಬಾಗಿಲು ಹಾಕಿತ್ತು, ಅಂಗಡಿಯಲ್ಲಿ ವ್ಯಾಪಾರವಿಲ್ಲ, ನನಗೆ ಕೈಕಾಲು ಆಡಲಿಲ್ಲ, ಎಸ್‌ಐಪಿ ನಿಲ್ಲಿಸಿದೆ. ಮತ್ತೆ ಶುರು ಮಾಡಿದ್ದು ನವೆಂಬರ್‌ನಲ್ಲಿ. ಅಷ್ಟರಲ್ಲಿ ಅದು 40 ಸಾವಿರ ದಾಟಿತ್ತು. ಅಗ್ಗವಾಗಿ ಸಿಗುತ್ತಿದ್ದ ತಿಂಗಳುಗಳಲ್ಲೇ ನಾನು ಕೊಳ್ಳಲಿಲ್ಲ. ಮೆಕ್ಕೆಜೋಳದ ಧಾರಣೆ ಬಿದ್ದಾಗ ಮಾರದೆ ಕಾಯುವ ರೈತರ ನಡುವೆ ಬೆಳೆದವಳು ನಾನು, ಆದರೂ ಅಂಜಿದೆ. ಆಗ ಬೇರೆ ಎಫ್‌ಡಿ ಅಂತ ಇರಲಿಲ್ಲ. ಆರು ತಿಂಗಳ ಖರ್ಚು ಪಕ್ಕದಲ್ಲಿದ್ದಿದ್ದರೆ ಅಂಜುತ್ತಿರಲಿಲ್ಲ ಅಂತ ಈಗ ಅನಿಸುತ್ತದೆ. ಐದು ವರ್ಷದೊಳಗೆ ಬೇಕಾಗುವ ಹಣವನ್ನು ಷೇರಿನ ಹತ್ತಿರ ಒಯ್ಯಬೇಡಿ ಅಂತ ನಾನು ಹೇಳುವುದು ಇದಕ್ಕೇ.

ಇನ್ನೊಂದು. 2013ರ ಜನವರಿಯಿಂದ ಪ್ರತಿ ಮ್ಯೂಚುವಲ್ ಫಂಡಿಗೂ ಡೈರೆಕ್ಟ್ ಪ್ಲಾನ್ ಇದೆ. ಮಧ್ಯವರ್ತಿಯ ಕಮಿಷನ್ ಅದರಲ್ಲಿ ಇರುವುದಿಲ್ಲ. ಕಮಿಷನ್ ವರ್ಷಕ್ಕೆ ನೂರಕ್ಕೆ ಒಂದು ಅಂದುಕೊಂಡರೂ 10 ಲಕ್ಷಕ್ಕೆ ವರ್ಷ ವರ್ಷವೂ ಹತ್ತು ಸಾವಿರ ಆಯಿತು. ಓದಿ ತಿಳಿದುಕೊಳ್ಳುವ ತಾಳ್ಮೆ ಇದ್ದವರು ನೇರವಾಗಿ ಹಾಕಿ. ಇಲ್ಲದವರು ಏಜೆಂಟರ ಮೂಲಕವೇ ಹಾಕಿ, ತಪ್ಪೇನಿಲ್ಲ, ಆದರೆ ಎಷ್ಟು ಕೊಡುತ್ತಿದ್ದೀರಿ ಅನ್ನುವುದು ಗೊತ್ತಿರಲಿ. ವಿಮೆಯನ್ನೂ ಉಳಿತಾಯವನ್ನೂ ಒಂದೇ ಪಾಲಿಸಿಯಲ್ಲಿ ಕೊಡುತ್ತೇವೆ ಅಂದವರಿಂದ ನಾನೂ ಒಂದು ಕೊಂಡಿದ್ದೆ. ಇಪ್ಪತ್ತು ವರ್ಷದ ಮೇಲೆ ಲೆಕ್ಕ ಹಾಕಿದರೆ ನೂರಕ್ಕೆ 5ರ ಹತ್ತಿರ ಬಂದಿತ್ತು. ಅದೇ ಹಣ ಪಿಪಿಎಫ್‌ನಲ್ಲಿ ಇದ್ದಿದ್ದರೆ ಎಷ್ಟೋ ಹೆಚ್ಚಾಗುತ್ತಿತ್ತು.

ಸರ್ಕಾರಿ ನೌಕರರೂ ಈಗ ನನ್ನನ್ನು ಕೇಳುತ್ತಾರೆ. 2006ರ ಏಪ್ರಿಲ್ ನಂತರ ರಾಜ್ಯ ಸರ್ಕಾರಿ ಕೆಲಸಕ್ಕೆ ಸೇರಿದವರು ಎನ್‌ಪಿಎಸ್ ಅನ್ನುವ ರಾಷ್ಟ್ರೀಯ ಪಿಂಚಣಿ ಯೋಜನೆಗೆ ಬಂದವರು. ಅಪ್ಪನಿಗೆ ಬರುತ್ತಿದ್ದ ಹಾಗೆ ನನಗೂ ಪಿಂಚಣಿ ಬರುತ್ತದೆ ಅಂದುಕೊಳ್ಳುವ ಹಾಗಿಲ್ಲ, ಕೊನೆಗೆ ಎಷ್ಟು ಗಂಟಾಗಿದೆಯೋ ಅದರ ಮೇಲೆ ನಿಂತಿದೆ. ಈ ಎನ್‌ಪಿಎಸ್ 2009ರ ಮೇ ತಿಂಗಳಿಂದ ನಮ್ಮಂಥವರಿಗೂ ತೆರೆದಿದೆ. ಕೊನೆಯಲ್ಲಿ ಒಂದು ಪಾಲನ್ನು ತಿಂಗಳ ಪಿಂಚಣಿ ಕೊಡುವ ಆನ್ಯುಯಿಟಿಗೆ ಹಾಕಬೇಕಾಗುತ್ತದೆ. ಕೈಯಲ್ಲಿ ದುಡ್ಡು ನಿಲ್ಲದವರಿಗೆ ಆ ಕಟ್ಟುಪಾಡೇ ಒಳ್ಳೆಯದು ಅನ್ನುತ್ತೇನೆ.

ನಮ್ಮೂರಿನಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಬ್ಯಾಂಕಿಗಿಂತ ನೂರಕ್ಕೆ ಎರಡು ಮೂರು ರೂಪಾಯಿ ಹೆಚ್ಚು ಬಡ್ಡಿ ಕೊಡುತ್ತಾರೆ ಅಂತ ಪತ್ತಿನ ಸಹಕಾರ ಸಂಘಗಳಲ್ಲಿ ನಿವೃತ್ತಿಯ ಹಣವನ್ನೆಲ್ಲ ಇಡುವವರಿದ್ದಾರೆ. ಚೆನ್ನಾಗಿ ನಡೆಯುವ ಸಂಘಗಳು ಎಷ್ಟೋ ಇವೆ. ಆದರೆ ಠೇವಣಿ ವಿಮೆ ಇರುವುದು ಬ್ಯಾಂಕುಗಳಿಗೆ, ಸಹಕಾರಿ ಬ್ಯಾಂಕುಗಳೂ ಸೇರಿ. ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ, 2020ರ ಫೆಬ್ರವರಿಯಿಂದ. ಪತ್ತಿನ ಸಂಘಗಳ ಠೇವಣಿಗೆ ಆ ವಿಮೆ ಇಲ್ಲ. ಕಷ್ಟಪಟ್ಟು ದುಡಿದದ್ದನ್ನು ಕೊಡುವ ಮುಂಚೆ ಇದೊಂದನ್ನು ಬಾಯಿ ಬಿಟ್ಟು ಕೇಳಿ, ಸಂಕೋಚ ಬೇಡ.

ಕೊನೆಗೆ ಕಾಗದದ ವಿಚಾರ. ನಮ್ಮ ಬೀದಿಯ ಒಬ್ಬ ತಾಯಿಗೆ ಯಜಮಾನರು ತೀರಿಕೊಂಡ ಮೇಲೆ ಯಾವ ಬ್ಯಾಂಕಿನಲ್ಲಿ ಏನಿದೆ ಅಂತಲೇ ಗೊತ್ತಿರಲಿಲ್ಲ. ರಿಸರ್ವ್ ಬ್ಯಾಂಕಿನ ಉದ್ಗಮ್ ಅನ್ನುವ ಜಾಲತಾಣದಲ್ಲಿ ಹುಡುಕಿ, ಹತ್ತು ವರ್ಷಕ್ಕೂ ಹೆಚ್ಚು ಕಾಲ ಯಾರೂ ಮುಟ್ಟದ ಒಂದು ಖಾತೆಯನ್ನು ಅವರ ಮಗಳೂ ನಾನೂ ಕೂತು ಪತ್ತೆ ಮಾಡಿದೆವು. ಅಂದು ಮನೆಗೆ ಬಂದು ನಮ್ಮದನ್ನೆಲ್ಲ ಒಂದೇ ಹಾಳೆಯಲ್ಲಿ ಬರೆದೆ. ಎಲ್ಲಿದೆ, ಯಾರ ಹೆಸರಲ್ಲಿದೆ, ಯಾವಾಗ ಮುಗಿಯುತ್ತದೆ, ನಾಮಿನಿ ಯಾರು. ನಾಮಿನಿ ಅಂದರೆ ಒಡೆಯರಲ್ಲ, ಹಣ ಪಡೆದು ವಾರಸುದಾರರಿಗೆ ತಲುಪಿಸುವವರು; ಷೇರುಗಳ ವಿಷಯದಲ್ಲೂ ಸುಪ್ರೀಂ ಕೋರ್ಟ್ 2023ರ ಡಿಸೆಂಬರಿನಲ್ಲಿ ಇದನ್ನೇ ಹೇಳಿತು. ಅದಕ್ಕೆ ಉಯಿಲೂ ಬರೆದಿದ್ದೇವೆ. ಬಿಳಿ ಹಾಳೆ, ನಮ್ಮ ಸಹಿ, ಇಬ್ಬರು ಸಾಕ್ಷಿಗಳು, ಅಷ್ಟೇ ಸಾಕು. ಅಪ್ಪಾಜಿಯ ಸೈಟನ್ನೂ ಆ ಹಾಳೆಯಲ್ಲಿ ಒಂದು ಸಾಲಾಗಿ ಬರೆದಿದ್ದೇನೆ. ಅದರ ಬೆಲೆಯ ಕಾಲಂ ಖಾಲಿ ಬಿಟ್ಟಿದ್ದೇನೆ.

ಮೊನ್ನೆ ಕೆರೆ ಏರಿಯ ಮೇಲೆ ಈ ಪ್ರಶ್ನೆ ಕೇಳಿದವಳು ಖಾಸಗಿ ಶಾಲೆಯ ಟೀಚರ್, 44 ವರ್ಷ. ಶಾಮನೂರು ರಸ್ತೆಯ ಕಡೆ ಸೈಟ್ ತಗೊಳ್ಳಲಾ ಅಕ್ಕಾ ಅಂತ ಶುರು ಮಾಡಿದ್ದಳು. ಇರುವ ಮನೆ ಸ್ವಂತದ್ದು ಅಂತ ತಿಳಿದ ಮೇಲೆ ಯಾವಾಗ ಬೇಕು ಈ ದುಡ್ಡು ಅಂತ ಕೇಳಿದೆ. ಸುಮ್ಮನೆ ಒಂದು ಸುತ್ತು ನಡೆದಳು. ಇವತ್ತು ಸಿಕ್ಕಾಗ ಪಿಪಿಎಫ್ ಖಾತೆ ತೆರೆದಿದ್ದೇನೆ, ಪಿಎಫ್ ಪಾಸ್‌ಬುಕ್ಕೂ ನೋಡಿದೆ, ಹಳೆಯ ಶಾಲೆಯ ಎರಡು ವರ್ಷ ಅದರಲ್ಲಿ ಸೇರಿಲ್ಲ ಅಂದಳು. ಅದನ್ನು ವರ್ಗಾಯಿಸಲು ಅರ್ಜಿ ಹಾಕು ಅಂದೆ. ಪಿಪಿಎಫ್‌ಗೆ ಪ್ರತಿ ತಿಂಗಳು ಐದನೇ ತಾರೀಖಿನ ಒಳಗೇ ಕಟ್ಟು, ದಾಟಿದರೆ ಆ ತಿಂಗಳ ಬಡ್ಡಿ ಹೊಸದಾಗಿ ಕಟ್ಟಿದ್ದಕ್ಕೆ ಸಿಗುವುದಿಲ್ಲ ಅಂತಲೂ ಹೇಳಿದೆ. ಇವತ್ತು ಮೂರನೇ ತಾರೀಖು. ಶಾಲೆಗೆ ಹೋಗುವ ದಾರಿಯಲ್ಲೇ ಕಟ್ಟಿ ಹೋಗ್ತೀನಿ ಅಕ್ಕಾ ಅಂತ ಬೇಗ ಬೇಗ ಹೆಜ್ಜೆ ಹಾಕಿದಳು.